ಆಚಂದ್ರಾರ್ಕತಾರಂ: ನಕ್ಷತ್ರಗಳ ಬೆಳಕಿನ ಅಳತೆ, ಶಕ್ತಿಯ ಮೂಲ ಮತ್ತು ಎಡೆದೊರೆ ನಾಡಿನ ಆಕಾಶ

ಕನ್ನಡ ನಾಡಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಕಂಡುಬರುವ ಮಾತು ‘ಆಚಂದ್ರಾರ್ಕತಾರಂ’. ಬಿಟ್ಟ ಭೂಮಿ, ಕಟ್ಟಿಸಿದ ಕೆರೆ, ದೇವಾಲಯಕ್ಕೆ ನೀಡಿದ ದತ್ತಿ ಇವು ಚಂದ್ರ, ಸೂರ್ಯ ಮತ್ತು ನಕ್ಷತ್ರಗಳು ಇರುವವರೆಗೆ ನಡೆಯಬೇಕೆಂಬುದು ಇದರ ಆಶಯ. ಶಾಸನವನ್ನು ಬರೆಯಿಸಿದವರಿಗೆ ಇದು ಕಾಲದ ಅತ್ಯಂತ ದೀರ್ಘವಾದ ಅಳತೆಯಾಗಿತ್ತು. ಅರಸರು ಅಳಿಯುತ್ತಾರೆ, ಊರುಗಳು ಹಾಳಾಗುತ್ತವೆ, ಆದರೆ ನಕ್ಷತ್ರಗಳು ಅಳಿಯುವುದಿಲ್ಲ ಎಂಬ ನಂಬಿಕೆ ಆ ಮಾತಿನ ಹಿಂದೆ ಇದೆ. ಇಪ್ಪತ್ತನೆಯ ಶತಮಾನದ ವಿಜ್ಞಾನವು ಈ ನಂಬಿಕೆಯನ್ನು ತಿದ್ದಿತು. ನಕ್ಷತ್ರಕ್ಕೂ ಹುಟ್ಟು, ಬಾಳು, ಸಾವುಗಳಿವೆ. ಅದರ ಆಯುಷ್ಯವನ್ನು ನಿರ್ಧರಿಸುವುದು ಅದು ತನ್ನಲ್ಲಿರುವುದನ್ನು ಎಷ್ಟು ವೇಗವಾಗಿ ವ್ಯಯಿಸುತ್ತದೆ ಎಂಬ ಅಂಶ. ಈ ವ್ಯಯದ ಹೊರಗುರುತೇ ನಮ್ಮ ಕಣ್ಣಿಗೆ ಬೀಳುವ ಬೆಳಕು.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು ನಕ್ಷತ್ರಗಳೊಂದಿಗೆ ಹಳೆಯ ಸಂಬಂಧವುಳ್ಳ ಪ್ರದೇಶ. ಮಾನ್ವಿ–ದೇವದುರ್ಗ ಭಾಗದ ಮಲ್ಲಟದಂತಹ ಊರುಗಳ ಒಕ್ಕಲು ಬದುಕು ಮಳೆ ನಕ್ಷತ್ರಗಳ ಲೆಕ್ಕದಲ್ಲಿಯೇ ನಡೆದುಬಂದಿದೆ. ಈ ನಾಡಿನ ಆಕಾಶವು ಆಧುನಿಕ ಖಗೋಳ ವಿಜ್ಞಾನದ ಚರಿತ್ರೆಯಲ್ಲಿಯೂ ಒಂದು ಸ್ಥಾನವನ್ನು ಪಡೆದಿದೆ. ನಕ್ಷತ್ರಗಳ ಬೆಳಕನ್ನು ಅಳೆಯುವ ಕ್ರಮ, ಅವುಗಳಲ್ಲಿ ಶಕ್ತಿ ಹುಟ್ಟುವ ಬಗೆ ಮತ್ತು ಇವೆರಡರಿಂದ ಅವುಗಳ ಆಯುಷ್ಯವನ್ನು ತಿಳಿಯುವ ರೀತಿಯನ್ನು ಈ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜಾನಪದ ಸಂಗ್ರಹಕಾರ್ಯಕ್ಕೆ ಈ ತಿಳಿವಳಿಕೆ ಏಕೆ ಅಗತ್ಯ ಎಂಬುದನ್ನು ಕೊನೆಯಲ್ಲಿ ಪರಿಶೀಲಿಸಲಾಗಿದೆ.

1. ಕಣ್ಣಿನ ಎಣಿಕೆ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ನಕ್ಷತ್ರಕ್ಕೆ ‘ಚಿಕ್ಕಿ’ ಅಥವಾ ‘ಚುಕ್ಕಿ’ ಎಂಬ ಹೆಸರಿದೆ. ಬೆಳಗಿನ ಜಾವದಲ್ಲಿ ಮೂಡುವ ಶುಕ್ರಗ್ರಹ ‘ಬೆಳ್ಳಿ ಚಿಕ್ಕಿ’. ಶುಕ್ರವು ಸ್ವಂತ ಬೆಳಕಿಲ್ಲದ ಗ್ರಹ, ಅದು ಸೂರ್ಯನ ಬೆಳಕನ್ನು ಪ್ರತಿಫಲಿಸುತ್ತದೆ ಎಂಬ ಭೇದ ಈ ಹೆಸರಿನಲ್ಲಿ ಇಲ್ಲ. ಬೆಳಗುವ ಬಿಂದುವೆಲ್ಲವೂ ಚಿಕ್ಕಿಯೇ. ಕಣ್ಣಿನ ಎಣಿಕೆಯು ಬೆಳಕಿನ ಪ್ರಮಾಣವನ್ನೂ ಬಣ್ಣವನ್ನೂ ಗಮನಿಸುತ್ತದೆ. ಬೆಳಕಿನ ಮೂಲವನ್ನು ಅದು ಕೇಳುವುದಿಲ್ಲ.

ಮಳೆ ನಕ್ಷತ್ರಗಳ ಲೆಕ್ಕ ಇದಕ್ಕಿಂತ ಭಿನ್ನವಾದುದು. ಸೂರ್ಯನ ವಾರ್ಷಿಕ ಪಥವನ್ನು 27 ಸಮಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗಕ್ಕೆ ಒಂದೊಂದು ನಕ್ಷತ್ರದ ಹೆಸರನ್ನು ಕೊಡಲಾಗಿದೆ. ಸೂರ್ಯನು ಪ್ರತಿ ಭಾಗದಲ್ಲಿ ಹದಿಮೂರು–ಹದಿನಾಲ್ಕು ದಿನ ಇರುತ್ತಾನೆ. ಮೇ ಕೊನೆಯ ವಾರದಿಂದ ರೋಹಿಣಿ, ಜೂನ್ ಮೊದಲ ಭಾಗದಲ್ಲಿ ಮೃಗಶಿರಾ, ಜೂನ್ ಕೊನೆಯಲ್ಲಿ ಆರಿದ್ರಾ, ಅಕ್ಟೋಬರ್ ನಡುವಿನಲ್ಲಿ ಚಿತ್ತಾ, ಅದರ ನಂತರ ಸ್ವಾತಿ ಎಂಬ ಕ್ರಮ ಎಲ್ಲ ಒಕ್ಕಲಿಗರಿಗೂ ಪರಿಚಿತ. ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಜೋಳದ ನಾಡಿನಲ್ಲಿ ಹುಟ್ಟಿದ ಗಾದೆ.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಸಂಗತಿ ಇದೆ. ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರವನ್ನು ನೋಡಲು ಸಾಧ್ಯವಿಲ್ಲ. ಆಗ ಸೂರ್ಯನು ಆ ನಕ್ಷತ್ರದ ದಿಕ್ಕಿನಲ್ಲಿಯೇ ಇರುವುದರಿಂದ ನಕ್ಷತ್ರವು ಹಗಲಿನಲ್ಲಿ ಸೂರ್ಯನೊಂದಿಗೆ ಹುಟ್ಟಿ ಸೂರ್ಯನೊಂದಿಗೆ ಮುಳುಗುತ್ತದೆ. ಚಿತ್ತಾ, ಸ್ವಾತಿಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಹೀಗಾಗಿ ಮಳೆಯ ಹೆಸರು ಬಾಯಿಂದ ಬಾಯಿಗೆ ಉಳಿದುಬಂದರೂ ಆ ಹೆಸರಿನ ಚಿಕ್ಕಿ ಯಾವುದು ಎಂಬ ತಿಳಿವಳಿಕೆ ಬೇರೆ ದಾರಿಯಿಂದ ಬರಬೇಕು. ಎಡೆದೊರೆ ನಾಡಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳ ನಿಂತಿರುವ ಡಿಸೆಂಬರ್ ತಿಂಗಳಲ್ಲಿ, ಸಂಜೆಯ ಹೊತ್ತು ಪೂರ್ವದಲ್ಲಿ ಕೆಂಪುಛಾಯೆಯ ರೋಹಿಣಿ ಮೇಲೇರಿ ಬರುವುದನ್ನು ಕಾಣಬಹುದು. ರೋಹಿಣಿ ಎಂಬ ಹೆಸರಿಗೆ ಕೆಂಪಾದುದು ಎಂಬ ಅರ್ಥವೂ ಇದೆ.

ಕಣ್ಣಿನ ಎಣಿಕೆಯ ಇನ್ನೊಂದು ನಿದರ್ಶನ ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿ. ಸಪ್ತರ್ಷಿಮಂಡಲದ ವಸಿಷ್ಠ ನಕ್ಷತ್ರದ ಪಕ್ಕದಲ್ಲಿ ಅದು ಮಂಕಾಗಿ ಕಾಣುತ್ತದೆ. ವಸಿಷ್ಠದ ಬೆಳಕು ಅರುಂಧತಿಯ ಬೆಳಕಿನ ಸುಮಾರು ಆರು ಪಟ್ಟು. ದಾಂಪತ್ಯದ ಆದರ್ಶವನ್ನು ಸೂಚಿಸುವ ಈ ಆಚರಣೆಯು ಪ್ರಖರವಾದುದರ ಪಕ್ಕದಲ್ಲಿ ಮಂಕಾದುದನ್ನು ಗುರುತಿಸುವ ಕಣ್ಣಿನ ಪರೀಕ್ಷೆಯೂ ಹೌದು.

2. ಅಂಕಿಯಾದ ಬೆಳಕು

ಕಣ್ಣಿನ ಇಂತಹ ಹೋಲಿಕೆಯನ್ನೇ ಗ್ರೀಕರು ಒಂದು ಪದ್ಧತಿಯಾಗಿ ರೂಪಿಸಿದರು. ಕ್ರಿ.ಪೂ. ಎರಡನೆಯ ಶತಮಾನದ ಹಿಪಾರ್ಕಸ್‌ನಿಂದ ಆರಂಭವಾಯಿತೆನ್ನಲಾಗುವ, ಕ್ರಿ.ಶ. ಎರಡನೆಯ ಶತಮಾನದ ಟಾಲೆಮಿಯ ಗ್ರಂಥದಲ್ಲಿ ಸ್ಪಷ್ಟವಾಗಿ ಕಾಣುವ ಈ ಪದ್ಧತಿಯಲ್ಲಿ ಅತ್ಯಂತ ಪ್ರಕಾಶಮಾನವಾದ ನಕ್ಷತ್ರಗಳು ಮೊದಲ ದರ್ಜೆಗೆ, ಬರಿಗಣ್ಣಿಗೆ ಕಷ್ಟದಿಂದ ಕಾಣುವವು ಆರನೆಯ ದರ್ಜೆಗೆ ಸೇರುತ್ತವೆ. ಇದನ್ನು ಕಾಂತಿಮಾನ ಎಂದು ಕರೆಯಬಹುದು. ಬೆಳಕು ಹೆಚ್ಚಿದಂತೆ ಅಂಕಿ ಕಡಿಮೆಯಾಗುವುದು ಇಲ್ಲಿಯ ವೈಶಿಷ್ಟ್ಯ.

ಈ ದರ್ಜೆಗಳಿಗೆ ನಿಖರವಾದ ಗಣಿತರೂಪವನ್ನು ಕೊಟ್ಟವನು ಇಂಗ್ಲೆಂಡಿನ ನಾರ್ಮನ್ ರಾಬರ್ಟ್ ಪಾಗ್ಸನ್. ಮೊದಲ ದರ್ಜೆಯ ನಕ್ಷತ್ರವು ಆರನೆಯ ದರ್ಜೆಯದಕ್ಕಿಂತ ಸುಮಾರು ನೂರು ಪಟ್ಟು ಬೆಳಗುತ್ತದೆ ಎಂಬುದನ್ನು ಆಧಾರವಾಗಿಟ್ಟುಕೊಂಡು, ಐದು ದರ್ಜೆಗಳ ಅಂತರವೆಂದರೆ ಸರಿಯಾಗಿ ನೂರು ಪಟ್ಟು ಎಂದು ಅವನು 1856ರಲ್ಲಿ ಸೂಚಿಸಿದನು. ಇದರಂತೆ ಒಂದು ದರ್ಜೆಯ ಅಂತರವು 2.512 ಪಟ್ಟಾಗುತ್ತದೆ. ಜಗತ್ತಿನ ಎಲ್ಲ ವೀಕ್ಷಣಾಲಯಗಳೂ ಇಂದು ಬಳಸುವುದು ಇದೇ ಮಾಪನವನ್ನು. ಈ ಮಾಪನದಲ್ಲಿ ಅತಿ ಪ್ರಕಾಶಮಾನವಾದ ಕಾಯಗಳು ಸೊನ್ನೆಯನ್ನು ದಾಟಿ ಋಣಸಂಖ್ಯೆಗೆ ಇಳಿಯುತ್ತವೆ. ಚಿತ್ತಾದ ಕಾಂತಿಮಾನ ಸುಮಾರು 1, ರೋಹಿಣಿಯದು 0.9, ಸ್ವಾತಿಯದು ಸೊನ್ನೆಗಿಂತ ಅತ್ಯಲ್ಪ ಕಡಿಮೆ, ಲುಬ್ಧಕದ್ದು ಋಣ 1.46, ಹುಣ್ಣಿಮೆಯ ಚಂದ್ರನದು ಋಣ 12.7, ಸೂರ್ಯನದು ಋಣ 26.7.

ಪಾಗ್ಸನ್ 1861ರಲ್ಲಿ ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥನಾಗಿ ಬಂದು, 1891ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಕೆಲಸ ಮಾಡಿದನು. ಅವನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ ಅವರು ರೆಟಿಕ್ಯುಲಂ ಪುಂಜದ ‘ಆರ್’ ಎಂಬ ನಕ್ಷತ್ರದ ಬೆಳಕು ಏರಿಳಿಯುತ್ತದೆ ಎಂಬುದನ್ನು 1867ರಲ್ಲಿ ಕಂಡುಹಿಡಿದರು. ಪಕ್ಕದ ಸ್ಥಿರ ನಕ್ಷತ್ರಗಳೊಂದಿಗೆ ಒಂದು ನಕ್ಷತ್ರವನ್ನು ಮತ್ತೆ ಮತ್ತೆ ಹೋಲಿಸಿ ನೋಡುವ ತಾಳ್ಮೆಯೇ ಇಂತಹ ಶೋಧದ ಆಧಾರ. 1874ರ ಶುಕ್ರಸಂಕ್ರಮವನ್ನು ಜನಸಾಮಾನ್ಯರಿಗೆ ತಿಳಿಸಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲಿಯೂ ಪ್ರಕಟವಾಯಿತು. ಕನ್ನಡದ ವಿಜ್ಞಾನ ಬರವಣಿಗೆಯ ಚರಿತ್ರೆಯಲ್ಲಿ ಈ ಸಂಗತಿಗೆ ಮಹತ್ವವಿದೆ.

ಕಣ್ಣಿನ ನಂತರ ಅಳತೆಯ ಕೆಲಸಕ್ಕೆ ಛಾಯಾಚಿತ್ರದ ಗಾಜಿನ ಫಲಕ ಬಂದಿತು. ಫಲಕದ ಮೇಲೆ ಮೂಡುವ ಚುಕ್ಕೆಯ ಗಾತ್ರದಿಂದ ನಕ್ಷತ್ರದ ಕಾಂತಿಮಾನವನ್ನು ಗುಣಿಸಲಾಗುತ್ತಿತ್ತು. ರಾಯಚೂರು ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಅದೇ ಸಂಸ್ಥಾನದ ರಾಜಧಾನಿಯಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ನವಾಬ ಜಫರ್ ಜಂಗ್ 1901ರಲ್ಲಿ ಆರಂಭಿಸಿದ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವನ್ನು 1908ರಲ್ಲಿ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಇಡೀ ಆಕಾಶದ ಛಾಯಾಚಿತ್ರ ನಕ್ಷೆಯನ್ನು ತಯಾರಿಸುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ವಿಷುವದ್ವೃತ್ತದಿಂದ ದಕ್ಷಿಣಕ್ಕೆ 17ರಿಂದ 23 ಅಂಶಗಳವರೆಗಿನ ಪಟ್ಟಿ ಈ ವೀಕ್ಷಣಾಲಯದ ಪಾಲಿಗೆ ಬಂದಿತು. ಮುಂದೆ ಉತ್ತರದ ಇನ್ನೊಂದು ಪಟ್ಟಿಯೂ ಸೇರಿ ಏಳೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನ ಮತ್ತು ಬೆಳಕನ್ನು ಇಲ್ಲಿ ದಾಖಲಿಸಲಾಯಿತು. ಮಳೆ ನಕ್ಷತ್ರಗಳ ಹೆಸರು ಹಿಡಿದು ಬಿತ್ತುತ್ತಿದ್ದ ಒಕ್ಕಲಿಗರೂ, ಅದೇ ಆಕಾಶವನ್ನು ಫಲಕಗಳ ಮೇಲೆ ಎಣಿಸುತ್ತಿದ್ದ ವಿದ್ವಾಂಸರೂ ಒಂದೇ ಸಂಸ್ಥಾನದ ಪ್ರಜೆಗಳಾಗಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು.

ಇಂದಿನ ವೀಕ್ಷಣಾಲಯಗಳಲ್ಲಿ ಬೆಳಕಿನ ಕಣಗಳನ್ನೇ ಎಣಿಸುವ ವಿದ್ಯುನ್ಮಾನ ಸಾಧನಗಳಿವೆ. ಆದರೂ ಕ್ರಮ ಬದಲಾಗಿಲ್ಲ. ಬೆಳಕು ಖಚಿತವಾಗಿ ತಿಳಿದಿರುವ ನಕ್ಷತ್ರವೊಂದನ್ನು ಮಾದರಿಯಾಗಿಟ್ಟುಕೊಂಡು ಉಳಿದವನ್ನು ಅದರೊಂದಿಗೆ ಹೋಲಿಸಲಾಗುತ್ತದೆ. ದಿಗಂತದ ಸಮೀಪದ ನಕ್ಷತ್ರದ ಬೆಳಕು ಹೆಚ್ಚು ದಪ್ಪದ ವಾಯುಪದರವನ್ನು ಹಾಯ್ದು ಬರುವುದರಿಂದ ಮಂಕಾಗುತ್ತದೆ. ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ. ನೀಲಿ, ಹಳದಿ, ಕೆಂಪು ಶೋಧಕಗಳ ಮೂಲಕ ಬೇರೆ ಬೇರೆಯಾಗಿ ಅಳೆದು ಹೋಲಿಸಿದಾಗ ನಕ್ಷತ್ರದ ಉಷ್ಣತೆಯೂ ತಿಳಿದುಬರುತ್ತದೆ. ಕೆಂಪುಛಾಯೆಯ ರೋಹಿಣಿಯ ಮೇಲ್ಮೈ ಉಷ್ಣತೆ ಸುಮಾರು 3,900 ಕೆಲ್ವಿನ್, ಸೂರ್ಯನದು ಸುಮಾರು 5,800, ನೀಲಿಬಿಳುಪಿನ ಚಿತ್ತಾದ್ದು 20 ಸಾವಿರಕ್ಕೂ ಹೆಚ್ಚು. ಕುಲುಮೆಯಲ್ಲಿ ಕಾಯುವ ಕಬ್ಬಿಣವು ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳುಪಿಗೆ ತಿರುಗುವ ಕ್ರಮವೇ ಇಲ್ಲಿಯೂ ಇದೆ.

3. ದೂರದ ಪ್ರಶ್ನೆ

ಕಾಂತಿಮಾನವು ನಕ್ಷತ್ರವು ನಮಗೆ ಹೇಗೆ ಕಾಣುತ್ತದೆ ಎಂಬುದನ್ನು ಹೇಳುತ್ತದೆ. ನಕ್ಷತ್ರವು ವಾಸ್ತವವಾಗಿ ಎಷ್ಟು ಬೆಳಕನ್ನು ಸೂಸುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಹೊಲದಂಚಿನ ಕಂದೀಲು ಹತ್ತಿರದಲ್ಲಿದ್ದಾಗ ದೂರದ ಊರಿನ ದೊಡ್ಡ ದೀಪಕ್ಕಿಂತ ಪ್ರಕಾಶಮಾನವಾಗಿ ಕಾಣುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ, ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಪಾಲಾಗುತ್ತದೆ. ಆದುದರಿಂದ ದೂರ ತಿಳಿಯದೆ ನಕ್ಷತ್ರದ ಶಕ್ತಿಯನ್ನು ತಿಳಿಯಲಾಗದು.

ದೂರವನ್ನು ಅಳೆಯುವ ಮೂಲ ವಿಧಾನ ಸರಳವಾದುದು. ಭೂಮಿಯು ಸೂರ್ಯನನ್ನು ಸುತ್ತುವಾಗ ಆರು ತಿಂಗಳ ಅಂತರದಲ್ಲಿ ನೋಡಿದರೆ, ಹತ್ತಿರದ ನಕ್ಷತ್ರವು ಅತಿದೂರದ ನಕ್ಷತ್ರಗಳ ಹಿನ್ನೆಲೆಯಲ್ಲಿ ತುಸು ಸರಿದಂತೆ ಕಾಣುತ್ತದೆ. ಸರಿದ ಕೋನದಿಂದ ದೂರವನ್ನು ಗುಣಿಸಬಹುದು. ಈ ಕೋನ ಎಷ್ಟು ಸೂಕ್ಷ್ಮವೆಂದರೆ 1838ರಲ್ಲಿ ಜರ್ಮನಿಯ ಬೆಸೆಲ್ ಮೊದಲ ವಿಶ್ವಾಸಾರ್ಹ ಅಳತೆಯನ್ನು ಪ್ರಕಟಿಸುವವರೆಗೆ ಯಾವ ನಕ್ಷತ್ರದ ದೂರವೂ ಖಚಿತವಾಗಿ ತಿಳಿದಿರಲಿಲ್ಲ. 1989ರಲ್ಲಿ ಹಾರಿದ ಹಿಪಾರ್ಕಸ್ ಉಪಗ್ರಹವು ಒಂದು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ದೂರವನ್ನು ಅಳೆಯಿತು. 2013ರಲ್ಲಿ ಹಾರಿ, 2025ರ ಜನವರಿಯಲ್ಲಿ ವೀಕ್ಷಣೆಯನ್ನು ಮುಗಿಸಿದ ಗಾಯಾ ನೌಕೆಯು ಈ ಕಾರ್ಯವನ್ನು ನೂರಾರು ಕೋಟಿ ನಕ್ಷತ್ರಗಳಿಗೆ ವಿಸ್ತರಿಸಿತು.

ಮಳೆ ನಕ್ಷತ್ರಗಳಲ್ಲಿಯೇ ಇದಕ್ಕೆ ಉತ್ತಮ ನಿದರ್ಶನ ದೊರೆಯುತ್ತದೆ. ರೋಹಿಣಿ ಮತ್ತು ಚಿತ್ತಾ ಬರಿಗಣ್ಣಿಗೆ ಹೆಚ್ಚುಕಡಿಮೆ ಸಮಾನವಾಗಿ ಬೆಳಗುತ್ತವೆ. ರೋಹಿಣಿಯು ಸುಮಾರು 66 ಜ್ಯೋತಿರ್ವರ್ಷ ದೂರದಲ್ಲಿದೆ, ಚಿತ್ತಾ ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿದೆ. ದೂರ ಸುಮಾರು ನಾಲ್ಕು ಪಟ್ಟಾಗಿದ್ದೂ ಸಮಾನವಾಗಿ ಕಾಣಬೇಕಾದರೆ ಚಿತ್ತಾ ಸುಮಾರು ಹದಿನಾಲ್ಕು ಪಟ್ಟು ಬೆಳಕನ್ನು ಸೂಸುತ್ತಿರಬೇಕು. ಇದು ಕಣ್ಣಿಗೆ ಕಾಣುವ ಬೆಳಕಿನ ಮಾತು. ಅತ್ಯುಷ್ಣವಾದ ಚಿತ್ತಾ ತನ್ನ ಶಕ್ತಿಯ ಬಹುಪಾಲನ್ನು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಾಗಿ ಹೊರಬಿಡುತ್ತದೆ. ಅದನ್ನೂ ಸೇರಿಸಿದರೆ ರೋಹಿಣಿಯು ಸೂರ್ಯನ ನಾಲ್ಕು ನೂರು ಪಟ್ಟಿಗೂ ಹೆಚ್ಚು, ಚಿತ್ತಾ ಇಪ್ಪತ್ತು ಸಾವಿರ ಪಟ್ಟಿನಷ್ಟು ಶಕ್ತಿಯನ್ನು ಸೂಸುತ್ತವೆ. ಒಂದೇ ಚುಕ್ಕೆಯಾಗಿ ಕಾಣುವ ಚಿತ್ತಾ ವಾಸ್ತವವಾಗಿ ನಾಲ್ಕು ದಿನಗಳಿಗೊಮ್ಮೆ ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳ ಜೋಡಿ.

ಎಲ್ಲ ನಕ್ಷತ್ರಗಳನ್ನೂ 32.6 ಜ್ಯೋತಿರ್ವರ್ಷ ದೂರದಲ್ಲಿ ನಿಲ್ಲಿಸಿ ನೋಡಿದರೆ ಅವು ಹೇಗೆ ಕಾಣಬಹುದೆಂಬ ಲೆಕ್ಕಕ್ಕೆ ನಿರಪೇಕ್ಷ ಕಾಂತಿಮಾನ ಎಂದು ಹೆಸರು. ಆ ದೂರದಲ್ಲಿ ಸೂರ್ಯನ ಕಾಂತಿಮಾನ 4.8. ಹಗಲನ್ನೇ ಸೃಷ್ಟಿಸುವ ಸೂರ್ಯನು ಅಲ್ಲಿಂದ ಅರುಂಧತಿಗಿಂತಲೂ ಮಂಕಾದ ಚಿಕ್ಕಿಯಾಗಿ ಕಾಣುತ್ತಾನೆ. ನಮ್ಮ ಆಕಾಶದಲ್ಲಿ ಸೂರ್ಯನು ಲುಬ್ಧಕಕ್ಕಿಂತ ಸುಮಾರು 1,300 ಕೋಟಿ ಪಟ್ಟು ಬೆಳಗುತ್ತಾನೆ, ಆದರೆ ನಿಜದಲ್ಲಿ ಲುಬ್ಧಕವೇ ಸೂರ್ಯನ ಸುಮಾರು 25 ಪಟ್ಟು ಶಕ್ತಿಶಾಲಿ.

ಅತಿದೂರದ ನಕ್ಷತ್ರಗಳಿಗೆ ಕೋನದ ಅಳತೆ ಕಷ್ಟವಾಗಿದ್ದ ಕಾಲದಲ್ಲಿ ಬೇರೆ ದಾರಿಯನ್ನು ಹುಡುಕಿದವರಲ್ಲಿ ವೇಣು ಬಾಪು ಒಬ್ಬರು. ಅವರ ತಂದೆ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದುದರಿಂದ ಬಾಪು ಅವರ ಬಾಲ್ಯ ಮತ್ತು ವಿದ್ಯಾಭ್ಯಾಸಗಳು ಹೈದರಾಬಾದಿನಲ್ಲಿ ನಡೆದವು. ತಂಪಾದ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂನ ಒಂದು ರೇಖೆಯ ಒಳಗಿರುವ ಉಜ್ಜ್ವಲ ಭಾಗದ ಅಗಲಕ್ಕೂ ನಕ್ಷತ್ರದ ನಿರಪೇಕ್ಷ ಕಾಂತಿಮಾನಕ್ಕೂ ನೇರ ಸಂಬಂಧವಿದೆ ಎಂಬುದನ್ನು ಅವರು ಓಲಿನ್ ವಿಲ್ಸನ್ ಅವರೊಂದಿಗೆ 1957ರಲ್ಲಿ ತೋರಿಸಿಕೊಟ್ಟರು. ರೇಖೆಯ ಅಗಲವನ್ನು ಅಳೆದರೆ ನಿಜವಾದ ಬೆಳಕು ತಿಳಿಯುತ್ತದೆ. ಕಾಣುವ ಬೆಳಕಿನೊಂದಿಗೆ ಅದನ್ನು ಹೋಲಿಸಿದರೆ ದೂರ ತಿಳಿಯುತ್ತದೆ. ಇದು ವಿಲ್ಸನ್–ಬಾಪು ಪರಿಣಾಮವೆಂದು ಪ್ರಸಿದ್ಧವಾಗಿದೆ. ಬೆಂಗಳೂರಿನಲ್ಲಿ ನೆಲೆಗೊಂಡ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರೂ ಬಾಪು ಅವರೇ.

4. 1868ರ ಗ್ರಹಣ ಮತ್ತು ಹೀಲಿಯಂ

ನಕ್ಷತ್ರವು ಇಷ್ಟು ಶಕ್ತಿಯನ್ನು ಎಲ್ಲಿಂದ ತರುತ್ತದೆ ಎಂಬ ಪ್ರಶ್ನೆಗೆ ಉತ್ತರದ ಮೊದಲ ಸುಳಿವು ದಖ್ಖನಿನ ಆಕಾಶದಲ್ಲಿ ದೊರೆಯಿತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳಿನ ಪಟ್ಟಿಯು ಜಮಖಂಡಿ, ಬಿಜಾಪುರಗಳ ಸೀಮೆಯಿಂದ ಪೂರ್ವಕ್ಕೆ ಸಾಗಿ ಗುಂಟೂರು, ಮಚಲಿಪಟ್ಟಣಗಳತ್ತ ಹೋಯಿತು. ಜಮಖಂಡಿಯಲ್ಲಿ ಪ್ರಸಿದ್ಧ ಖಗೋಳಜ್ಞ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಷೆಲ್, ವನಪರ್ತಿಯಲ್ಲಿ ರಘುನಾಥಾಚಾರಿ, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಮಚಲಿಪಟ್ಟಣದಲ್ಲಿ ಪಾಗ್ಸನ್ ಬೀಡುಬಿಟ್ಟಿದ್ದರು. ಜಮಖಂಡಿ ಮತ್ತು ವನಪರ್ತಿಗಳ ನಡುವೆ ಬರುವ ರಾಯಚೂರು, ಮಾನ್ವಿ, ದೇವದುರ್ಗ ಸೀಮೆಯೂ ಆ ನೆರಳಿನ ಪಟ್ಟಿಯ ಒಳಗೇ ಇದ್ದಿತು.

ಸೂರ್ಯನ ಅಂಚಿನಲ್ಲಿ ಚಾಚಿದ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದಾಗ ಉಜ್ಜ್ವಲವಾದ ರೇಖೆಗಳು ಕಂಡವು. ಪ್ರತಿಯೊಂದು ಧಾತುವಿಗೂ ಅದರದೇ ಆದ ರೇಖೆಗಳಿರುವುದರಿಂದ ಇವು ಧಾತುವಿನ ರುಜುವಿದ್ದಂತೆ. ಜ್ವಾಲೆಗಳಲ್ಲಿ ಜಲಜನಕವಿರುವುದು ಖಚಿತವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಗ್ರಹಣವಿಲ್ಲದ ಸಮಯದಲ್ಲಿಯೇ ಈ ರೇಖೆಗಳನ್ನು ನೋಡಿದನು. ಅವುಗಳಲ್ಲಿ ಒಂದು ಹಳದಿ ರೇಖೆ ಅಂದು ಭೂಮಿಯ ಮೇಲೆ ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಆ ಅಜ್ಞಾತ ಧಾತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದನ್ನು ರ‍್ಯಾಮ್ಸೆ ಪತ್ತೆಹಚ್ಚಿದ್ದು 1895ರಲ್ಲಿ. ಅಂದು ವಿಸ್ಮಯದ ವಸ್ತುವಾಗಿದ್ದ ಈ ಹೀಲಿಯಂ ಸೂರ್ಯನ ಒಲೆಯ ಬೂದಿ ಎಂಬುದು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು.

5. ಶಕ್ತಿ ಹುಟ್ಟುವ ಬಗೆ

ಸೂರ್ಯನನ್ನು ಬೆಂಕಿಯ ಉಂಡೆ ಎಂದು ಕರೆಯುವುದು ವಾಡಿಕೆ. ಈ ಮಾತನ್ನು ರಾಯಚೂರಿನ ಲೆಕ್ಕದಲ್ಲಿಯೇ ಪರೀಕ್ಷಿಸಬಹುದು. ಕೃಷ್ಣಾ ತೀರದ ಶಕ್ತಿನಗರದಲ್ಲಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. ಸೂರ್ಯನು ಸೂಸುವ ಶಕ್ತಿ ಇದರ ಸುಮಾರು 2,200 ಕೋಟಿ ಕೋಟಿ ಪಟ್ಟು. ಇಡೀ ಸೂರ್ಯನೇ ಕಲ್ಲಿದ್ದಲಾಗಿದ್ದು ಈ ಪ್ರಮಾಣದಲ್ಲಿ ಉರಿದಿದ್ದರೆ ಸುಮಾರು ಐದು ಸಾವಿರ ವರ್ಷಗಳಲ್ಲಿ ಬೂದಿಯಾಗುತ್ತಿತ್ತು. ಸೂರ್ಯನು ತನ್ನ ಭಾರದಿಂದಲೇ ಕುಗ್ಗುತ್ತ ಕಾಯುತ್ತಾನೆ ಎಂಬ ಹತ್ತೊಂಬತ್ತನೆಯ ಶತಮಾನದ ವಾದವು ಕೆಲವು ಕೋಟಿ ವರ್ಷಗಳ ಆಯುಷ್ಯವನ್ನು ಮಾತ್ರ ಕೊಡಬಲ್ಲದಾಗಿತ್ತು. ಆದರೆ ಭೂಮಿಯ ವಯಸ್ಸೇ ಸುಮಾರು 450 ಕೋಟಿ ವರ್ಷ.

ಉತ್ತರವು ಹಂತಹಂತವಾಗಿ ಬಂದಿತು. ನಾಲ್ಕು ಜಲಜನಕ ಪರಮಾಣುಗಳ ಒಟ್ಟು ತೂಕಕ್ಕಿಂತ ಒಂದು ಹೀಲಿಯಂ ಪರಮಾಣುವಿನ ತೂಕ ತುಸು ಕಡಿಮೆ ಎಂಬುದು ಆಸ್ಟನ್‌ನ ಅಳತೆಯಿಂದ ತಿಳಿದಿತ್ತು. ಈ ಕೊರತೆಯೇ ನಕ್ಷತ್ರದ ಶಕ್ತಿಯಾಗಬಹುದೆಂದು 1920ರಲ್ಲಿ ಎಡಿಂಗ್ಟನ್ ಸೂಚಿಸಿದನು. ಅದೇ ವರ್ಷ ಮೇಘನಾದ ಸಹಾ ಅವರು ಉಷ್ಣತೆಗೂ ಪರಮಾಣುಗಳ ಅಯಾನೀಕರಣಕ್ಕೂ ಇರುವ ಸಂಬಂಧದ ಸೂತ್ರವನ್ನು ಪ್ರಕಟಿಸಿದರು. ಈ ಸೂತ್ರವನ್ನು ಬಳಸಿಯೇ ಸಿಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳಲ್ಲಿ ಹೆಚ್ಚಿನ ಪಾಲು ಜಲಜನಕವೇ ಎಂಬ ನಿರ್ಣಯಕ್ಕೆ ಬಂದರು. ಉರುವಲು ಯಾವುದೆಂಬುದು ಹೀಗೆ ಗೊತ್ತಾಯಿತು. ಅದು ಉರಿಯುವ ಕ್ರಮವನ್ನು 1939ರಲ್ಲಿ ಹಾನ್ಸ್ ಬೇಥೆ ವಿವರವಾಗಿ ಮಂಡಿಸಿದನು.

ಸೂರ್ಯನ ಗರ್ಭದಲ್ಲಿ ಉಷ್ಣತೆ ಸುಮಾರು ಒಂದೂವರೆ ಕೋಟಿ ಡಿಗ್ರಿ. ಅಲ್ಲಿ ಪರಮಾಣುಗಳ ಹೊರಕವಚ ಕಳಚಿಹೋಗಿ ಬೀಜಗಳು ಮಾತ್ರ ಅತಿವೇಗದಿಂದ ಸಂಚರಿಸುತ್ತವೆ. ಜಲಜನಕದ ಬೀಜಗಳೆಂದರೆ ಪ್ರೋಟಾನುಗಳು. ಧನವಿದ್ಯುತ್ತಿನ ಈ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಆದರೂ ಅಪರೂಪಕ್ಕೆ ಎರಡು ಪ್ರೋಟಾನುಗಳು ತೀರ ಹತ್ತಿರ ಬಂದು ಬೆಸೆದುಕೊಳ್ಳುತ್ತವೆ, ಅವುಗಳಲ್ಲೊಂದು ನ್ಯೂಟ್ರಾನಾಗುತ್ತದೆ. ಇದಕ್ಕೆ ಮೂರನೆಯ ಪ್ರೋಟಾನು ಸೇರಿ ಹಗುರ ಹೀಲಿಯಂ ಆಗುತ್ತದೆ. ಇಂತಹ ಎರಡು ಹಗುರ ಹೀಲಿಯಂ ಬೀಜಗಳು ಕೂಡಿದಾಗ ಪೂರ್ಣ ಹೀಲಿಯಂ ಬೀಜ ಉಂಟಾಗಿ ಎರಡು ಪ್ರೋಟಾನುಗಳು ಹೊರಬೀಳುತ್ತವೆ. ಒಟ್ಟಿನಲ್ಲಿ ನಾಲ್ಕು ಜಲಜನಕ ಬೀಜಗಳು ಒಂದು ಹೀಲಿಯಂ ಬೀಜವಾಗುತ್ತವೆ. ತೂಕದ ನೂರರಲ್ಲಿ ಸುಮಾರು 0.7 ಪಾಲು ಶಕ್ತಿಯಾಗಿ ಮಾರ್ಪಡುತ್ತದೆ. ಸೂರ್ಯನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಹೀಲಿಯಂ ಆಗುತ್ತದೆ. ಅದರಲ್ಲಿ 40 ಲಕ್ಷ ಟನ್ನಿಗೂ ಹೆಚ್ಚು ದ್ರವ್ಯ ಶಕ್ತಿಯಾಗುತ್ತದೆ. ಕೈಗಾದ ಅಣುವಿದ್ಯುತ್ ಕೇಂದ್ರದಲ್ಲಿ ಭಾರವಾದ ಬೀಜವನ್ನು ಒಡೆದು ಶಕ್ತಿಯನ್ನು ಪಡೆಯಲಾಗುತ್ತದೆ; ನಕ್ಷತ್ರದಲ್ಲಿ ಹಗುರವಾದ ಬೀಜಗಳು ಕೂಡಿ ಶಕ್ತಿಯನ್ನು ಕೊಡುತ್ತವೆ.

ಈ ಕ್ರಿಯೆ ಸ್ಫೋಟದಂತೆ ನಡೆಯುವುದಿಲ್ಲ. ಸೂರ್ಯಗರ್ಭದ ಒಂದು ಘನಮೀಟರಿನಲ್ಲಿ ಹುಟ್ಟುವ ಶಕ್ತಿ ಮುನ್ನೂರು ವಾಟ್‌ಗಿಂತಲೂ ಕಡಿಮೆ. ಹೊಲದ ಬದಿಯಲ್ಲಿ ಕೊಳೆಯುತ್ತ ಬಿಸಿಯಾಗುವ ತಿಪ್ಪೆಯ ಶಾಖದೊಂದಿಗೆ ಇದನ್ನು ಹೋಲಿಸಬಹುದು. ಎರಡು ಪ್ರೋಟಾನುಗಳು ಕೂಡುವುದು ಅತ್ಯಂತ ಅಪರೂಪವಾಗಿರುವುದೇ ಇದಕ್ಕೆ ಕಾರಣ. ಸೂರ್ಯನ ಪ್ರಚಂಡತೆ ಅವನ ಗಾತ್ರದಿಂದ ಬಂದುದು. ಅವನ ದೀರ್ಘಾಯುಷ್ಯ ಈ ನಿಧಾನದಿಂದ ಬಂದುದು. ಉಷ್ಣತೆ ಹೆಚ್ಚಾದರೆ ಗರ್ಭ ಹಿಗ್ಗಿ ತಂಪಾಗುತ್ತದೆ, ಕಡಿಮೆಯಾದರೆ ಕುಗ್ಗಿ ಕಾಯುತ್ತದೆ. ಗುರುತ್ವ ಮತ್ತು ಶಾಖಗಳ ಈ ತೂಕದಲ್ಲಿ ನಕ್ಷತ್ರವು ಸ್ಥಿರವಾಗಿ ನಿಲ್ಲುತ್ತದೆ.

ಗರ್ಭದಲ್ಲಿ ಹುಟ್ಟಿದ ಶಕ್ತಿಯು ಕಣದಿಂದ ಕಣಕ್ಕೆ ತಾಗುತ್ತ ಮೇಲ್ಮೈಗೆ ಬರಲು ಲಕ್ಷ ವರ್ಷಗಳ ಪ್ರಮಾಣದ ಕಾಲ ಹಿಡಿಯುತ್ತದೆ. ಆದರೆ ಅದರೊಂದಿಗೆ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳು ಯಾವುದಕ್ಕೂ ತಡೆಯದೆ ಎಂಟು ನಿಮಿಷಗಳಲ್ಲಿ ಭೂಮಿಯನ್ನು ತಲುಪುತ್ತವೆ. ಭೂಮಿಯ ಮೇಲಿನ ಪ್ರತಿ ಚದರ ಸೆಂಟಿಮೀಟರನ್ನು ಸೆಕೆಂಡಿಗೆ ಸುಮಾರು 6,500 ಕೋಟಿ ಸೌರ ನ್ಯೂಟ್ರಿನೊಗಳು ಹಾಯ್ದುಹೋಗುತ್ತವೆ. ಇವನ್ನು ಹಿಡಿಯಲು ಬೇರೆ ಕಿರಣಗಳು ತಲುಪದಷ್ಟು ಆಳದ ನೆಲೆ ಬೇಕು. ಕರ್ನಾಟಕದ ಕೋಲಾರ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾಯುಮಂಡಲದಲ್ಲಿ ಉಂಟಾಗುವ ನ್ಯೂಟ್ರಿನೊಗಳನ್ನು 1965ರಲ್ಲಿ ಪತ್ತೆಹಚ್ಚಲಾಯಿತು. ಇದು ಈ ಬಗೆಯ ಮೊದಲ ಶೋಧಗಳಲ್ಲಿ ಒಂದು. ಸೂರ್ಯನಿಂದ ಬರುವ ನ್ಯೂಟ್ರಿನೊಗಳನ್ನು ಅಮೆರಿಕದ ಮತ್ತೊಂದು ಚಿನ್ನದ ಗಣಿಯಲ್ಲಿ ರೇಮಂಡ್ ಡೇವಿಸ್ ಎಣಿಸಿದರು. ನಿರೀಕ್ಷೆಯ ಮೂರನೆಯ ಒಂದು ಭಾಗ ಮಾತ್ರ ಕಂಡದ್ದು ದಶಕಗಳ ಕಾಲ ಒಗಟಾಗಿತ್ತು. ದಾರಿಯಲ್ಲಿ ನ್ಯೂಟ್ರಿನೊಗಳು ತಮ್ಮ ಬಗೆಯನ್ನು ಬದಲಿಸುತ್ತವೆ ಎಂಬುದು ಕೆನಡಾದ ಗಣಿಯೊಂದರ ಪ್ರಯೋಗದಿಂದ 2001–02ರಲ್ಲಿ ದೃಢಪಟ್ಟು ಲೆಕ್ಕ ಸರಿಹೋಯಿತು.

6. ಆಯುಷ್ಯದ ಲೆಕ್ಕ

ಬೆಳಕಿನ ಅಳತೆ ಮತ್ತು ಶಕ್ತಿಯ ಮೂಲ ಎರಡೂ ತಿಳಿದ ಮೇಲೆ ಆಯುಷ್ಯವನ್ನು ಲೆಕ್ಕಹಾಕಬಹುದು. ಕಣಜದಲ್ಲಿರುವ ಕಾಳನ್ನು ದಿನದ ಖರ್ಚಿನಿಂದ ಭಾಗಿಸಿದರೆ ಎಷ್ಟು ದಿನ ಬರುತ್ತದೆಂಬುದು ಗೊತ್ತಾಗುವಂತೆ, ಇರುವ ಜಲಜನಕವನ್ನು ದೀಪ್ತಿಯಿಂದ ಭಾಗಿಸಿದರೆ ನಕ್ಷತ್ರದ ಆಯುಷ್ಯ ದೊರೆಯುತ್ತದೆ. ಸೂರ್ಯನ ಒಟ್ಟು ಆಯುಷ್ಯ ಸುಮಾರು ಸಾವಿರ ಕೋಟಿ ವರ್ಷ. ಅದರಲ್ಲಿ 460 ಕೋಟಿ ವರ್ಷ ಕಳೆದಿದೆ.

ದೊಡ್ಡ ನಕ್ಷತ್ರದಲ್ಲಿ ಕಣಜ ದೊಡ್ಡದು, ಆದರೆ ಖರ್ಚು ಇನ್ನೂ ದೊಡ್ಡದು. ಸೂರ್ಯನ ಹತ್ತು ಪಟ್ಟು ತೂಕದ ನಕ್ಷತ್ರವು ಸುಮಾರು ಮೂರು ಸಾವಿರ ಪಟ್ಟು ಶಕ್ತಿಯನ್ನು ಸೂಸುತ್ತದೆ. ಆದುದರಿಂದ ಅದರ ಆಯುಷ್ಯ ಸೂರ್ಯನದರ ಮುನ್ನೂರರಲ್ಲಿ ಒಂದು ಪಾಲು, ಅಂದರೆ ಸುಮಾರು ಮೂರು ಕೋಟಿ ವರ್ಷ. ಚಿತ್ತಾದ ಜೋಡಿಯಲ್ಲಿ ದೊಡ್ಡದಾದ ನಕ್ಷತ್ರ ಹೆಚ್ಚುಕಡಿಮೆ ಈ ವರ್ಗಕ್ಕೆ ಸೇರಿದುದು. ರೋಹಿಣಿಯು ಗರ್ಭದ ಜಲಜನಕವನ್ನು ಮುಗಿಸಿ, ಉಬ್ಬಿ, ತಂಪಾಗಿ ಕೆಂಪಾದ ನಕ್ಷತ್ರ. ಅದರ ಹೆಸರಿನಲ್ಲಿರುವ ಕೆಂಪು ಮುಪ್ಪಿನ ಬಣ್ಣ. ಸೂರ್ಯನೂ ಮುಂದೆ ಇದೇ ಸ್ಥಿತಿಯನ್ನು ತಲುಪಿ, ಕೊನೆಗೆ ಶ್ವೇತಕುಬ್ಜವಾಗಿ ಆರುತ್ತಾನೆ. ಶ್ವೇತಕುಬ್ಜದ ತೂಕ ಸೂರ್ಯನ ಸುಮಾರು 1.4 ಪಟ್ಟನ್ನು ಮೀರಲಾರದು ಎಂಬ ಮಿತಿಯನ್ನು ತೋರಿಸಿದವರು ಎಸ್. ಚಂದ್ರಶೇಖರ್.

ಆರಿದ್ರಾದ ಕಥೆ ಇನ್ನೂ ಸಮೀಪದ ಕಾಲದ್ದು. ಕೃಷಿಕರು ನಂಬುವ ಮಳೆಗಳಲ್ಲೊಂದಕ್ಕೆ ಹೆಸರಾದ ಈ ನಕ್ಷತ್ರದ ವಯಸ್ಸು ಸುಮಾರು ಒಂದು ಕೋಟಿ ವರ್ಷ ಮಾತ್ರ. ಆದರೂ ಅದು ಬಾಳಿನ ಕೊನೆಯ ಹಂತದಲ್ಲಿದ್ದು, ಮುಂದಿನ ಸುಮಾರು ಲಕ್ಷ ವರ್ಷಗಳ ಒಳಗೆ ಸ್ಫೋಟಗೊಳ್ಳಬಹುದೆಂದು ಅಂದಾಜಿಸಲಾಗಿದೆ. ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವ ಅದರ ಕಾಂತಿಮಾನ 2019ರ ಕೊನೆಯಿಂದ ಇಳಿಯತೊಡಗಿ 2020ರ ಫೆಬ್ರುವರಿಯಲ್ಲಿ ಸುಮಾರು 1.6ಕ್ಕೆ ತಲುಪಿತು. ಅದು ತಾನೇ ಹೊರಚೆಲ್ಲಿದ ಧೂಳಿನ ಮರೆಯೂ ಮೇಲ್ಮೈಯ ಒಂದು ಭಾಗ ತಂಪಾದುದೂ ಇದಕ್ಕೆ ಕಾರಣವೆಂದು ಮುಂದೆ ತಿಳಿದುಬಂದಿತು. ಈ ಬದಲಾವಣೆಗೆ ದೂರದರ್ಶಕ ಬೇಕಾಗಿರಲಿಲ್ಲ. ಅಂಗಳದಲ್ಲಿ ನಿಂತು ರೋಹಿಣಿಯೊಂದಿಗೆ ಹೋಲಿಸಿ ನೋಡಿದ್ದರೆ ಸಾಕಾಗುತ್ತಿತ್ತು.

ನಕ್ಷತ್ರಗಳ ಅಳಿವು ವ್ಯರ್ಥವಲ್ಲ. ಬೀಜಗಳು ಕೂಡುವುದರಿಂದ ಶಕ್ತಿ ದೊರೆಯುವುದು ಕಬ್ಬಿಣದವರೆಗೆ ಮಾತ್ರ. ಅದಕ್ಕಿಂತ ಭಾರವಾದ ಧಾತುಗಳು ಬೇರೆ ಬಗೆಯಲ್ಲಿ ಉಂಟಾಗುತ್ತವೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯನ್ನು ಗುರುತ್ವದ ಅಲೆಗಳಲ್ಲಿಯೂ ಬೆಳಕಿನಲ್ಲಿಯೂ ಗಮನಿಸಿದಾಗ, ಚಿನ್ನದಂತಹ ಭಾರಧಾತುಗಳು ಅಲ್ಲಿ ಹುಟ್ಟುತ್ತವೆ ಎಂಬುದಕ್ಕೆ ಬಲವಾದ ಆಧಾರ ದೊರೆಯಿತು. ರಾಯಚೂರು ಜಿಲ್ಲೆಯ ಹಟ್ಟಿಯ ಗಣಿಯಲ್ಲಿ ದೊರೆಯುವ ಚಿನ್ನವು ಭೂಮಿ ರೂಪುಗೊಳ್ಳುವ ಮೊದಲೇ ಅಳಿದ ನಕ್ಷತ್ರಗಳ ಉಳಿಕೆ.

7. ಜಾನಪದ ಸಂಶೋಧನೆಗೆ ಇದರ ಅಗತ್ಯ

ಕನ್ನಡ ಜಾನಪದ ಸಂಗ್ರಹಗಳಲ್ಲಿ ಮಳೆ ನಕ್ಷತ್ರಗಳ ಗಾದೆಗಳೂ ಚಿಕ್ಕಿಗಳ ಹೆಸರುಗಳೂ ಸಾಕಷ್ಟು ಸೇರಿವೆ. ಆದರೆ ಹೆಸರನ್ನು ಬರೆದುಕೊಂಡ ಸಂಗ್ರಹಕಾರರು ಆ ಚಿಕ್ಕಿ ಯಾವುದು ಎಂಬುದನ್ನು ಗುರುತಿಸದಿದ್ದರೆ ಹೆಸರು ಅನಾಥವಾಗುತ್ತದೆ. ಮಳೆಯ ಹೆಸರು ಪಂಚಾಂಗದ ಬಲದಿಂದ ಉಳಿಯಬಲ್ಲದು. ರಾತ್ರಿಯ ಹೊತ್ತನ್ನು ತಿಳಿಯಲು, ದಿಕ್ಕನ್ನು ಹಿಡಿಯಲು ಬಳಸುತ್ತಿದ್ದ ಚಿಕ್ಕಿಗಳ ಹೆಸರಿಗೆ ಅಂತಹ ಆಸರೆ ಇಲ್ಲ. ಗಡಿಯಾರ ಬಂದು ಅವುಗಳ ಉಪಯೋಗ ತಪ್ಪಿತು. ಬೀದಿದೀಪಗಳ ಬೆಳಕು ಹೆಚ್ಚಿದಂತೆ ನಾಲ್ಕು, ಐದನೆಯ ದರ್ಜೆಯ ಚಿಕ್ಕಿಗಳು ಊರಿನ ಆಕಾಶದಿಂದಲೇ ಮರೆಯಾಗುತ್ತಿವೆ. ಅರುಂಧತಿಯನ್ನು ತೋರಿಸುವ ಆಚರಣೆ ಹಲವೆಡೆ ಹಗಲಿನ ಮುಹೂರ್ತದಲ್ಲಿ, ನಕ್ಷತ್ರವಿಲ್ಲದೆಯೇ ನಡೆಯುತ್ತದೆ.

ಈ ಕಾರಣದಿಂದ ಚಿಕ್ಕಿಯ ಹೆಸರನ್ನು ದಾಖಲಿಸುವಾಗ ಕೆಲವು ವಿವರಗಳನ್ನು ಜೊತೆಗೆ ಬರೆದುಕೊಳ್ಳುವುದು ಅಗತ್ಯ. ನೋಡಿದ ತಿಂಗಳು, ದಿನ ಮತ್ತು ಹೊತ್ತು, ದಿಕ್ಕು ಮತ್ತು ದಿಗಂತದಿಂದ ಎತ್ತರ, ಬಣ್ಣ, ಪಕ್ಕದ ಪರಿಚಿತ ನಕ್ಷತ್ರಕ್ಕಿಂತ ಹೆಚ್ಚು ಬೆಳಗುತ್ತದೆಯೇ, ಕಡಿಮೆಯೇ ಎಂಬ ಹೋಲಿಕೆ ಇಷ್ಟಿದ್ದರೆ ಎಷ್ಟೇ ವರ್ಷಗಳ ನಂತರವೂ ಆ ಚಿಕ್ಕಿಯನ್ನು ನಿಸ್ಸಂದೇಹವಾಗಿ ಗುರುತಿಸಬಹುದು. ಹಿರಿಯ ವಕ್ತೃವನ್ನು ಹಗಲಿನಲ್ಲಿ ಕಟ್ಟೆಯ ಮೇಲೆ ಕೂರಿಸಿ ಕೇಳುವುದಕ್ಕಿಂತ ಕತ್ತಲಾದ ಮೇಲೆ ಊರ ಹೊರಗಿನ ಹೊಲದಲ್ಲಿ ನಿಂತು ಕೇಳುವುದು ಹೆಚ್ಚು ಫಲಕಾರಿ. ರಘುನಾಥಾಚಾರಿ ಅವರು ಬಳಸಿದ್ದೂ ಹೋಲಿಕೆಯ ಈ ಕ್ರಮವನ್ನೇ.

ನಕ್ಷತ್ರಗಳು ಶಾಶ್ವತವಲ್ಲ ಎಂಬುದನ್ನು ವಿಜ್ಞಾನ ಸ್ಥಾಪಿಸಿದೆ. ಆದರೂ ಮನುಷ್ಯರ ಕಾಲಮಾನಕ್ಕೆ ಶಾಸನದ ಮಾತು ಸುಳ್ಳಾಗಿಲ್ಲ. ರೋಹಿಣಿ, ಚಿತ್ತಾ, ಸ್ವಾತಿಗಳು ಇನ್ನೂ ಅಸಂಖ್ಯ ತಲೆಮಾರುಗಳವರೆಗೆ ಎಡೆದೊರೆ ನಾಡಿನ ಮೇಲೆ ಮೂಡುತ್ತವೆ. ಅವುಗಳನ್ನು ಹೆಸರಿಡಿದು ತೋರಿಸಬಲ್ಲವರ ಕಾಲ ಮಾತ್ರ ಅಷ್ಟು ದೀರ್ಘವಾದುದಲ್ಲ. ದಾಖಲೆಯ ಕೆಲಸವು ಅವರು ಇರುವಾಗಲೇ ಆಗಬೇಕಾಗಿದೆ.